ಹೊಲಿಗೆಗೆಂದು ಬಿಟ್ಟ ಬಟ್ಟೆ

ಚೌಕಿಪೇಟೆಯಲ್ಲಿ ಮೂವತ್ತೊಂದು ವರ್ಷ
ರವಿಕೆ ಹೊಲಿದ ದುಡ್ಡು.
ಕೊಕ್ಕೆ ಗುಂಡಿಗೆ ಐದು, ಲೈನಿಂಗಿಗೆ ಇಪ್ಪತ್ತು,
ದೀಪಾವಳಿ ಹಿಂದಿನ ರಾತ್ರಿಗಳಿಗೆ ಲೆಕ್ಕವಿಲ್ಲ.
ಅದನ್ನು ಮಣ್ಣಿಗೆ ಹಾಕಬೇಕೆಂದೆ.
ಚಿನ್ನ ಕದಿಯುತ್ತಾರೆ, ಚೀಟಿ ಮುಳುಗುತ್ತದೆ,
ಮಣ್ಣು ಎಲ್ಲಿಗೆ ಹೋದೀತು?

ಮುರಿಗೇಂದ್ರ ಬೈಕಿನಲ್ಲಿ ಕೂರಿಸಿಕೊಂಡು ಹೋದ,
ಹದಡಿ ರಸ್ತೆ ಹಿಡಿದು, ನಾಲೆ ದಾಟಿ.
ಸುಣ್ಣ ಬಳಿದ ಕಲ್ಲು, ಗಾಳಿಗೆ ಪಟಪಟ ಬಾವುಟ.
"ಮೂವತ್ತು ನಲವತ್ತು, ಪೂರ್ವದ ಬಾಗಿಲು,
ಅರ್ಧ ರೇಟು ಕುಸುಮಾಬಾಯೋರೇ, ಇವತ್ತೇ ಟೋಕನ್ ಕೊಡ್ರಿ.
ಏಲಿನೇಷನ್ ಆಗ್ತದೆ, ಖಾತೆ ಆಗ್ತದೆ,
ದೂಡಾದಾಗ ನಮ್ಮೋರೇ ಅದಾರೆ."
ಆಗ್ತದೆ, ಆಗ್ತದೆ.
ನಾನೂ ಗಿರಾಕಿಗಳಿಗೆ ಹಾಗೇ ಅಂದವಳು,
"ನಾಳೆ ಆಗ್ತದೆ ಬಾರಮ್ಮಾ" ಅಂತ,
ಬಟ್ಟೆಗೆ ಕತ್ತರಿಯೇ ತಾಗಿಸದ ದಿನ.

ಪತ್ರ ಬರೆಯುವ ಕೊಟ್ರಗೌಡರು
ನನ್ನ ಕಾಗದಗಳನ್ನು ಓದಲಿಲ್ಲ, ಮೂಸಿದರು.
"ಪಹಣಿಯಲ್ಲಿ ಇನ್ನೂ ಜೋಳ ನಿಂತಿದೆ ತಾಯಿ.
ಹನ್ನೊಂದನೇ ಕಲಮಿನಲ್ಲಿ ಬ್ಯಾಂಕು ಕೂತಿದೆ.
ಮಾರುವವರು ಇಬ್ಬರು, ಅಕ್ಕಂದಿರು ನಾಲ್ವರು,
ಅವರ ಸಹಿ ಎಲ್ಲಿ?"
ಆಮೇಲೆ ಗ್ರಾಮ ನಕ್ಷೆ ಬಿಡಿಸಿದರು,
ಮಡಿಕೆಯಲ್ಲಿ ಹರಿದು, ಟೇಪು ಅಂಟಿಸಿದ್ದು.
ನೀಲಿ ಶಾಯಿ ಹತ್ತಿದ ಹೆಬ್ಬೆರಳಿನ ಕೆಳಗೆ
ಒಂದು ಜೋಡಿ ಗೆರೆ.
ನನಗೆ ಬೆನ್ನಿಗೆ ಹಾಕಿದ ಡಾರ್ಟಿನ ಹಾಗೆ ಕಂಡಿತು.
"ಹಳ್ಳ," ಅಂದರು.
"ಅಲ್ಲಿ ನೀರೇ ಇಲ್ಲವಲ್ಲ ಸ್ವಾಮಿ."
"ನೀರು ಊರಿಗೆ ಹೋಗಿದೆ. ಮನೆ ಇನ್ನೂ ಅದರ ಹೆಸರಲ್ಲೇ ಇದೆ."

ಟೋಕನ್ ಕೊಡಲಿಲ್ಲ.
ಮುರಿಗೇಂದ್ರ ಇವತ್ತಿಗೂ ಎದುರಾದರೆ
ಬೈಕಿನ ಕನ್ನಡಿಯಲ್ಲಿ ಏನೋ ಹುಡುಕುತ್ತಾನೆ.

ನಿಟ್ಟುವಳ್ಳಿಯಲ್ಲಿ ಕೊಂಡೆ, ಸಣ್ಣದು, ದುಬಾರಿಯದು.
ಪಾಲಿಕೆಗೆ ಐದು ಸಲ ಅಲೆದೆ, ನಕ್ಷೆ ಮಂಜೂರಾಯಿತು.
ಹುಲುಗಪ್ಪ ಮೇಸ್ತ್ರಿ ಗಡಿಗೇ ದಾರ ಎಳೆದ.
"ನಕ್ಷೆ ಒಂದು, ಕಟ್ಟೋದು ಒಂದು, ಊರೆಲ್ಲ ಹಂಗೇ ಐತಿ.
ಆ ಮೂರಡಿ ಒಳಗೆ ತಗೊಂಡ್ರೆ ಇನ್ನೊಂದು ರೂಮು,
ತಿಂಗಳಿಗೆ ನಾಲ್ಕು ಸಾವಿರ.
ಯಾರು ಟೇಪು ಹಿಡ್ಕೊಂಡು ಬರ್ತಾರೆ ಬಿಡ್ರಿ?"
ಕೊರಳಲ್ಲಿದ್ದದ್ದನ್ನು ತೆಗೆದೆ.
ಅರವತ್ತು ಇಂಚಿನದು, ತುದಿ ಸವೆದು
ಒಂದು ಎರಡು ಅಳಿಸಿಹೋದದ್ದು.
"ನಾನು," ಅಂದೆ.

ಅವನಿಗೆ ಹೇಗೆ ಹೇಳಲಿ?
ಅಂಚಿಗೇ ಹೊಲಿಗೆ ಹಾಕುವ ದರ್ಜಿ
ಬಟ್ಟೆ ಉಳಿಸುತ್ತಾನೆ, ನಿಜ.
ಆದರೆ ಮೈ ಹಾಗೇ ಇರುವುದಿಲ್ಲ.
ಬಾಣಂತನ ಮುಗಿಸಿ ಬಂದ ಹುಡುಗಿ
ಮದುವೆಯ ರವಿಕೆ ಹಿಡಿದು ನಿಂತಾಗ
ಬಿಚ್ಚಲಿಕ್ಕೆ ಒಳಗೊಂದು ಇಂಚು ಇರಬೇಕು.
ಕಾಣದ ಆ ಇಂಚಿಗೆ
ನಾನು ಯಾವತ್ತೂ ಕೂಲಿ ಕೇಳಿದವಳಲ್ಲ.

ಸುಳ್ಳೇಕೆ ಹೇಳಲಿ, ಹಳ್ಳದ ಮೇಲಿನ ಮನೆಗಳು ಬಿದ್ದಿಲ್ಲ.
ಮೂರು ಮಹಡಿ ಎದ್ದಿವೆ, ಬಾಡಿಗೆ ಬರುತ್ತಿದೆ.
ತಂಗಿಯ ಗಂಡ ನಗುತ್ತಾನೆ, ಪುಕ್ಕಲಿ ಅನ್ನುತ್ತಾನೆ.
ಗೋಡೆಗೊಂದು ನೋಟೀಸು ಅಂಟಿಸಿದ್ದರಂತೆ,
ಅದರ ಮೇಲೆಯೇ ಯಾರೋ
"ಮನೆ ಬಾಡಿಗೆಗೆ ಇದೆ" ಅಂಟಿಸಿದ್ದಾರೆ.
ಮಳೆ ಜೋರಾದ ರಾತ್ರಿ
ನನಗೆ ಅವರ ನೆನಪು ಬರುತ್ತದೆ.
ಖುಷಿಯಿಂದಲ್ಲ.
ಅಲ್ಲಿ ಮಲಗಿರುವವರು
ಆ ಜೋಡಿ ಗೆರೆ ನೋಡಿದವರೇ ಅಲ್ಲ.

ನನ್ನ ಮೂರಡಿಯಲ್ಲಿ ಏನಿಲ್ಲ.
ಒಂದು ತಂತಿ, ಮೇಲೆ ಪಕ್ಕದ ಮನೆಯವರ ದುಪಟ್ಟಾ,
ಆಗಾಗ ಬಂದು ಬೀಳುವ ಒಂದು ರಬ್ಬರ್ ಚೆಂಡು,
ಕೇಳದೆ ನುಗ್ಗಿ ಬಂದು ಎತ್ತಿಕೊಳ್ಳುವ ಹುಡುಗ.
ಇಳಿಹೊತ್ತಿಗೆ ಅಲ್ಲಿ ಸ್ಟೂಲು ಹಾಕುತ್ತೇನೆ.
ಸೂಜಿಗೆ ದಾರ ಪೋಣಿಸಲು
ನನ್ನ ಕಣ್ಣಿಗೆ ಈಗ ಅಷ್ಟು ಬೆಳಕು ಬೇಕು.