ಸೀಸೆಯ ಬಾಯಿ

ಮೊದಲು ಬೆರಳಿಡು ಅದರ ಬಾಯೊಳಗೆ.
ನಾಲಿಗೆ ತಣ್ಣಗಿದ್ದರೆ ಹಾಲು ಕೊಡಬೇಡ.
ಎಷ್ಟೇ ಅರಚಲಿ, ಅರಚಲು ತ್ರಾಣವಿಲ್ಲದೆ
ಬಾಯಿ ಮಾತ್ರ ತೆರೆಯಲಿ,
ಕೊಡಬೇಡ.
ತಣ್ಣನೆ ಹೊಟ್ಟೆಯಲ್ಲಿ ಹಾಲು ಕಲ್ಲಾಗುತ್ತದೆ.

ಹೀಗೆಂದಿದ್ದಳು ಫಿದೆಲಿನಾ, ರೊಸಮೆಲನ ತಾಯಿ,
ನೇವುಕೆನ್ ಹೊಳೆಯ ಈ ಕಣಿವೆಗೆ
ನಾನು ಸೊಸೆಯಾಗಿ ಬಂದ ಮೊದಲ ವಸಂತದಲ್ಲಿ.
ಹೇಳಿದ್ದು ಅಷ್ಟೆ. ಆಕೆ ಮಾತಿನಲ್ಲಿ ಜಿಪುಣಿ,
ಸೌದೆಯಲ್ಲಿ ಅಲ್ಲ.

ಆ ವರ್ಷ ಅಕ್ಟೋಬರಿನಲ್ಲಿ ಹಿಮ ಮತ್ತೆ ಬಿತ್ತು.
ಆಂಡೀಸ್ ಕಡೆಯ ಗಾಳಿಗೆ ತಗಡಿನ ಸೂರು ರಾತ್ರಿಯಿಡೀ ಗೊಣಗಿತು.
ಬೆಳಗಾದಾಗ ಕಲ್ಲಿನ ಹಟ್ಟಿಯಲ್ಲಿ ಹದಿನೇಳು ಹೊಸ ಮರಿ,
ಎರಡಕ್ಕೆ ತಾಯಿ ಇಲ್ಲ:
ಕರಿ ಆಡು ಹೆತ್ತು ಮಲಗಿದ್ದು ಏಳಲೇ ಇಲ್ಲ,
ಒಂದನ್ನು ನೆಕ್ಕಿ ಒಣಗಿಸಿ,
ಇನ್ನೊಂದನ್ನು ಅರ್ಧ ನೆಕ್ಕಿ.

ನೆಕ್ಕದ ಅರ್ಧದಲ್ಲಿ ಮಂಜಿನ ಹರಳು.
ಅಂಗಿಯೊಳಗೆ ಇಳಿಬಿಟ್ಟುಕೊಂಡೆ,
ಹೊಟ್ಟೆಗೆ ಹೊಟ್ಟೆ ತಾಗಿ ಉಸಿರು ಸಿಕ್ಕಿಕೊಂಡಿತು, ನನ್ನದು.
ಒಲೆಯ ಮುಂದೆ ಕೂತೆ. ರೊಸಮೆಲ್ ಮಾತೆಗೆ ನೀರು ಕಾಯಿಸಿದ,
ಅದೊಂದು ಸೊಪ್ಪಿನ ಕಹಿ, ನಮಗೆ ಅದೇ ತಿಂಡಿ, ಅದೇ ಮಾತುಕತೆ.
ಅವನೊಂದು ಗುಟುಕು, ನಾನೊಂದು ಗುಟುಕು,
ನಡುನಡುವೆ ಬೆರಳು ಅದರ ಬಾಯಿಗೆ:
ಇನ್ನೂ ಇಲ್ಲ.
ಇನ್ನೂ ಇಲ್ಲ.
ಹಾಂ.

ಸೀಸೆ ಬಿಯರಿನದು. ರಬ್ಬರ್ ಮೊಲೆ ಪಟ್ಟಣದ್ದು,
ತೂತು ಸಣ್ಣದೆಂದು ಕಾದ ಸೂಜಿಯಲ್ಲಿ ಅಗಲಿಸಿದ್ದು.
ಬೇರೆ ಆಡಿನಿಂದ ಕಡ ತಂದ ಗಿಣ್ಣುಹಾಲು, ಹಳದಿ, ಜೇನಿನಷ್ಟು ಮಂದ.
ಮೊಣಕಾಲ ನಡುವೆ ಹಿಡಿದೆ, ಗದ್ದ ಮೇಲೆ, ಕತ್ತು ನೀಟ,
ಅಂಗಾತ ಕುಡಿಸಿದರೆ ಹಾಲು ಉಸಿರಿನ ದಾರಿ ಹಿಡಿಯುತ್ತದೆ.
ಅದು ನನ್ನ ಗುಂಡಿ ಚೀಪಿತು, ಹೆಬ್ಬೆರಳು ಚೀಪಿತು,
ಶಾಲಿನ ಅಂಚು ಚೀಪಿತು,
ಲೋಕದಲ್ಲಿರುವುದನ್ನೆಲ್ಲ ಚೀಪಿ ನೋಡಿತು ಮೊಲೆಯೊಂದನ್ನು ಬಿಟ್ಟು.
ರಬ್ಬರು ಹಿಂಡಿ ಒಂದು ಹನಿ ತುಟಿಗೆ ಸವರಿದೆ.
ಆಮೇಲೆ ಬಾಲ!
ಹಾಲು ಬಂತೆಂದು ಮೊದಲು ತಿಳಿಯುವುದು ಬಾಲಕ್ಕೆ,
ಹೊಟ್ಟೆಗೆ ಆಮೇಲೆ.

ಹೆಸರಿಡಬೇಡ ಎಂದ ರೊಸಮೆಲ್. ಇಡಲಿಲ್ಲ.
ಒಂದನ್ನು ನೀನು ಎಂದು ಕರೆದೆ,
ಇನ್ನೊಂದನ್ನು ನೀನೂ.
ಸೇಬಿನ ಪೆಟ್ಟಿಗೆಯಲ್ಲಿ ಮಲಗಿದರು, ದಿನಕ್ಕೆ ನಾಲ್ಕು ಸಲ ಕುಡಿದರು,
ನನ್ನ ಬೂಟನ್ನು ತಮ್ಮ ನೆಂಟರೆಂದು ತಿಳಿದಿದ್ದರು.

ನಮ್ಮಲ್ಲಿ ಡಿಸೆಂಬರ್ ಎಂದರೆ ಸುಡುಬಿಸಿಲು. ಇತುರ್ರಾನ ಲಾರಿ ಬಂತು.
ಕ್ರಿಸ್ಮಸ್ಸಿಗೆ ಪಟ್ಟಣದವರಿಗೆ ಎಳೆ ಮಾಂಸ ಬೇಕು,
ನಮಗೆ ಹಿಟ್ಟು, ಗ್ಯಾಸು, ಬೂಟು.
ಹೋತಮರಿಗಳು ನಲವತ್ತು. ಕಾಲು ಹಿಡಿದು, ಎತ್ತಿ, ಲಾರಿಗೆ.
ಒಂದೊಂದೂ ಒದೆಯಿತು, ಒಂದೊಂದೂ ತಾಯನ್ನು ಕೂಗಿತು.
ಬೆವರೊರೆಸಿಕೊಂಡು ಇತುರ್ರಾ ಬಿಯರ್ ಸೀಸೆ ಎತ್ತಿದ.

ನೀನು ನೋಡಿದ.
ಯಾರೂ ಹಿಡಿಯಲಿಲ್ಲ, ಯಾರೂ ಎತ್ತಲಿಲ್ಲ.
ಬಾಲ ಆಡಿಸುತ್ತ ಆ ಸೀಸೆಯ ಹಿಂದೆಯೇ
ಹಲಗೆ ಹತ್ತಿ, ತಾನೇ ಒಳಗೆ ಹೋದ.
ಅರ್ಧ ನೆಕ್ಕಿದ್ದು ಇವನನ್ನೇ.

ಇತುರ್ರಾ ನಕ್ಕ. ಕೆಟ್ಟವನಲ್ಲ, ಯಾರಾದರೂ ನಗುತ್ತಿದ್ದರು.
ರೊಸಮೆಲ್ ನನ್ನ ಮುಖ ನೋಡಿದ.
ನಲವತ್ತೊಂದು, ಎಂದೆ.
ನಲವತ್ತೊಂದರ ದುಡ್ಡು ಎಣಿಸಿ ತೆಗೆದುಕೊಂಡೆ.

ನೀನೂ ಉಳಿದಳು, ಹೆಣ್ಣಲ್ಲವೆ.
ಈಗ ಅವಳಿಗೆ ಮರಿಗಳಿವೆ, ತುಂಬಿದ ಕೆಚ್ಚಲಿದೆ,
ನನ್ನ ಹತ್ತಿರ ಅವಳಿಗೆ ಏನೂ ಕೆಲಸವಿಲ್ಲ.
ಆದರೂ, ಬೇಲಿಗೂಟಕ್ಕೆ ಬೋರಲು ಹಾಕಬೇಕಾದ ಸೀಸೆಯನ್ನು
ಒಂದೊಂದು ದಿನ ಮರೆತು ನೆಟ್ಟಗೆ ಇಟ್ಟಿರುತ್ತೇನೆ.
ಗಾಳಿ ಬಂದು ಅದರ ಬಾಯಿ ಊದುತ್ತದೆ.
ಮೇಯುತ್ತಿದ್ದವಳು ತಲೆ ಎತ್ತುತ್ತಾಳೆ.
ಕೆಳಗೆ ಮರಿಗಳು ಗುದ್ದಿ ಗುದ್ದಿ ಎಳೆಯುತ್ತಿರುತ್ತವೆ,
ಅವಳು ಅಲ್ಲಿಯೇ ನಿಂತು, ಒಂದಿಷ್ಟು ಹೊತ್ತು,
ಬಾಲ ಆಡಿಸುತ್ತಾಳೆ.