ಎಕ್ಸ್‌ಟ್ರಾ ಬೆಡ್

ಗಾಂಧಿ ಚೌಕದಿಂದ ಧನ್ವಂತರಿ ರಸ್ತೆಗೆ ಹೊರಳುವಷ್ಟರಲ್ಲಿ
ನಾಲ್ಕು ಲಾಡ್ಜು ಮುಗಿದಿದ್ದವು.
ಎಲ್ಲ ಕಡೆಯೂ ಮೊದಲು ಕೇಳಿದ್ದು ಹೆಸರಲ್ಲ, ಊರಲ್ಲ,
'ಎಷ್ಟು ಜನ?'
ಇವರು ಹಿಂತಿರುಗಿ ನಮ್ಮನ್ನು ಎಣಿಸುತ್ತಿದ್ದರು
ಪ್ರತಿ ಸಲವೂ ಹೊಸದಾಗಿ,
ಒಬ್ಬರಾದರೂ ಕಡಿಮೆಯಾಗಿರಬಹುದೇನೋ ಎಂಬಂತೆ.

ಅತ್ತೆ, ನಾದಿನಿ ಮಂಜವ್ವ, ನಾನು, ಇವರು,
ಸೊಂಟದ ಮೇಲೆ ನಿದ್ದೆಹೋದ ಮೂರರ ಮಗ,
ಒಂಬತ್ತರ ಸಿಂಚನ, ಅವಳ ಕೈಲಿ ನೀರಿನ ಕ್ಯಾನು.
ಆರು.

'ಫ್ಯಾಮಿಲಿ ರೂಮಿದೆ ಸಾರ್. ಎರಡು ಸಾವಿರದ ನಾನೂರು,
ಎಕ್ಸ್‌ಟ್ರಾ ಬೆಡ್ಡಿಗೆ ಮುನ್ನೂರು, ಟ್ಯಾಕ್ಸು ಬೇರೆ.'
ಹರಪನಹಳ್ಳಿಯಿಂದ ಹೊರಡುವಾಗ
ಇವರ ಒಳಜೇಬಿಗೆ ಪಿನ್ನು ಹಾಕಿದವಳು ನಾನೇ,
ಅದರಲ್ಲಿ ಎಷ್ಟಿದೆಯೆಂದು ನಮ್ಮಿಬ್ಬರಿಗೇ ಗೊತ್ತು.
ಇವರು ಪಿನ್ನು ಮುಟ್ಟಿ ನೋಡಿಕೊಂಡರು, ತೆಗೆಯಲಿಲ್ಲ.
'ಸ್ವಲ್ಪ ಅಡ್ಡಾಡಿಕೊಂಡು ಬರ್ತೀವಿ' ಅಂದರು,
ಸೀರೆ ಅಂಗಡಿಯಲ್ಲಿ ಅನ್ನುವ ಹಾಗೆ.

ಸಂಜೆ ಏಳಕ್ಕೆ ಅರಮನೆ ಒಮ್ಮೆಗೇ ಹೊತ್ತಿಕೊಂಡಾಗ
ಹೋ ಅಂದಿದ್ದೆವು ಎಲ್ಲರೂ.
ಅತ್ತೆ ಮಾತ್ರ ಕಿಟಕಿ ಎಣಿಸಲು ಹೋಗಿ ಕೈಬಿಟ್ಟು,
'ಇಷ್ಟು ಕ್ವಾಣಿ ಕಸ ಯಾರು ಹೊಡಿತಾರವ್ವಾ' ಅಂದಿದ್ದರು.

ಈಗ ಒಂಬತ್ತೂವರೆ.
ದೊಡ್ಡ ಗಡಿಯಾರದ ಕೆಳಗೆ ಬ್ಯಾಗುಗಳ ಮೇಲೆ ಕೂತೆವು.
ಆಟೋದವನೊಬ್ಬ ನಿಧಾನಿಸಿದ:
'ರೂಮ್ ತೋರಿಸ್ತೀನಿ ಬನ್ನಿ, ಇಪ್ಪತ್ತು ರೂಪಾಯಿ ಅಷ್ಟೇ.'
ಆ ಇಪ್ಪತ್ತರ ಬೆನ್ನಿಗೆ ಎಷ್ಟು ನೂರಿದೆಯೆಂದು
ಇವರಿಗೆ ಗೊತ್ತಾಯಿತು;
ಊರಲ್ಲಿ ಇವರದೂ ಆಟೋ.

'ನಾನೂ ಮಂಜಿ ಟೇಸನ್ನಿನಾಗ ಮಕ್ಕಂತೀವಿ,
ನೀವು ನಾಕು ಮಂದಿ ರೂಮು ಮಾಡ್ರಿ'
ಅತ್ತೆ ನೆಲ ನೋಡುತ್ತ ಅಂದರು.
ಯಾರೂ ಉತ್ತರ ಕೊಡಲಿಲ್ಲ.
ಆ ಲೆಕ್ಕ ನನ್ನ ತಲೆಯಲ್ಲೂ ಒಂದು ಸಲ ಬಂದುಹೋಗಿತ್ತು.
ಅದಕ್ಕೇ ಎದ್ದು ಅವರ ಚೀಲವನ್ನೂ ನಾನೇ ಎತ್ತಿಕೊಂಡೆ.

ಏಳನೆಯ ಲಾಡ್ಜಿನ ಮೆಟ್ಟಿಲ ಬುಡದಲ್ಲಿ
ಸಿಂಚನಳಿಗೆ ಹೇಳಿಕೊಟ್ಟೆ:
'ಕೇಳಿದರೆ ಐದು ಅನ್ನು.'
'ಐದಕ್ಕೆ ನಾನು ಯುಕೆಜಿ.'
'ಯುಕೆಜಿ ಅನ್ನು.'
'ಮುಂದಿನ ಹಲ್ಲು ಬಿದ್ದು ಹೊಸದು ಬಂದಿದೆಯಲ್ಲ?'
'ಬಾಯಿ ಮುಚ್ಚಿಕೊಂಡು ಅನ್ನು.'

ಕೌಂಟರಿನವರು ವಯಸ್ಸಾದವರು, ಕನ್ನಡಕಕ್ಕೆ ದಾರ.
ದೊಡ್ಡವರ ಆಧಾರ್ ಕಾರ್ಡೆಲ್ಲ ತಿರುವಿ ನೋಡಿದರು.
ಅತ್ತೆ ಹೊರಗೆ ಬ್ಯಾಗು ಕಾಯುತ್ತಿದ್ದರು.
ಸಿಂಚನ ಲಂಗದೊಳಗೆ ಮೊಣಕಾಲು ಮಡಿಸಿ
ಕುಗ್ಗಿ ನಿಂತಿದ್ದಳು, ತುಟಿ ಬಿಗಿದು.
ಅವರು ಅವಳನ್ನೇ ನೋಡಿದರು, ಬಹಳ ಹೊತ್ತು.
ಆಮೇಲೆ ರಿಜಿಸ್ಟರಿಗೆ ಬಗ್ಗಿದರು.
'ಸಾವಿರದ ನೂರು. ಮೂರನೇ ಮಹಡಿ, ಲಿಫ್ಟಿಲ್ಲ.
ಬಿಸಿನೀರು ಆರರಿಂದ ಏಳು.
ಮಗು ಇನ್ನು ನೆಟ್ಟಗೆ ನಿಂತ್ಕೋಬಹುದು.'

ಒಂದು ಮಂಚ, ಒಂದು ಕುರ್ಚಿ,
ಪಕ್ಕದ ಕಟ್ಟಡದ ಗೋಡೆಗೇ ತೆರೆಯುವ ಕಿಟಕಿ.
ಮಂಚಕ್ಕೆ ಅಡ್ಡಲಾಗಿ ಐದು ಜನ, ಬೀಡಿ ಕಟ್ಟಿನ ಹಾಗೆ,
ಮೊಣಕಾಲಿಂದ ಕೆಳಗೆ ಎಲ್ಲ ಗಾಳಿಯಲ್ಲಿ.
ಇವರು ಬಾಗಿಲ ಬಳಿ, ಪೇಪರು ಹಾಸಿ, ಚಪ್ಪಲಿಗಳ ಜೊತೆ.
ಊರಲ್ಲಿ ಅತ್ತೆ ಪಡಸಾಲೆ, ಮಂಜಿ ಅಡುಗೆಮನೆ,
ನಾವು ಪರದೆಯ ಹಿಂದೆ.
ಅತ್ತೆ ನಿದ್ದೆಗೆ ಮುಂಚೆ ಬೆರಳ ನಟಿಕೆ ಮುರಿಯುತ್ತಾರೆ,
ಒಂದೊಂದಾಗಿ, ಹತ್ತೂ;
ಇದು ತಿಳಿಯಲು ಹನ್ನೊಂದು ವರ್ಷ ಬೇಕಾಯಿತು.

'ಎಷ್ಟು ಕೊಟ್ಟಿಯೋ ಇದಕ್ಕ?'
'ಐನೂರು ಯವ್ವಾ.'
'ಐನೂರಾ! ಒಂದು ರಾತ್ರಿಗಾ!'
ಕತ್ತಲಲ್ಲಿ ಮೊದಲು ನಕ್ಕವಳು ಮಂಜಿ, ಮಂಚ ಅಲುಗಿತು.
ಸಿಂಚನ ನನ್ನ ಕಿವಿಯಲ್ಲಿ,
'ನಂಗೆ ಐದು, ರೂಮಿಗೆ ಐನೂರು.'

ಬೆಳಿಗ್ಗೆ ಝೂ ಬಾಗಿಲಲ್ಲಿ ಉದ್ದ ಸಾಲು.
ಕಿಂಡಿಯೊಳಗಿನ ಹೆಂಗಸು ತಲೆಯೆತ್ತದೆ ಕೇಳಿದಳು
'ಹುಡುಗಿಗೆ ಎಷ್ಟು?'
ಇವರು ಪಿನ್ನು ತೆಗೆಯುತ್ತಿದ್ದರು.
ಸಿಂಚನ ನೆಟ್ಟಗೆ ನಿಂತು ನನ್ನ ಮುಖ ನೋಡಿದಳು:
'ಅಮ್ಮಾ, ಇಲ್ಲಿ ನನಗೆಷ್ಟು?'