ಕಲ್ಲಿನ ಮೇಲೆ ಬರೆಯುವವನು

ಕುಷ್ಟಗಿ ದಾಟಿ ಹತ್ತು ಮೈಲಿ, ಗ್ರಾನೈಟಿನ ಕ್ವಾರಿ.
ಊಟದ ಬಿಡುವು. ಕ್ರೇನಿನ ನೆರಳೊಂದೇ ನೆರಳು,
ಅದರುದ್ದಕ್ಕೆ ಸಾಲಾಗಿ ಕೂತಿದ್ದೆವು.
ಜೋಳದ ರೊಟ್ಟಿ, ಪುಂಡಿಪಲ್ಯ,
ಎಷ್ಟು ಒರೆಸಿದರೂ ಕೈಯಲ್ಲಿ ಕಲ್ಲಿನ ಹಿಟ್ಟು.

ಡಿಪ್ಲೊಮಾ ಮುಗಿಸಿ ಬಂದ ದುರುಗೇಶ
ಉಳ್ಳಾಗಡ್ಡಿ ಕಡಿಯುತ್ತ ಕೇಳಿದ:
'ಶ್ಯಾಮೀದಣ್ಣ, ನಿಮ್ಮ ದೇವರು ಎಲ್ಲಾ ಮಾಡಬಲ್ಲ, ಹೌದಿಲ್ಲೋ?
ಹಂಗಾದ್ರ ತನಗ ಎತ್ತಾಕ ಆಗದಂಥಾ ಕಲ್ಲೊಂದು ಮಾಡ್ಲಿ ನೋಡೂಣು.
ಮಾಡಿದ್ರ ಎತ್ತಾಕ ಬರಂಗಿಲ್ಲ, ಇಲ್ಲಾಂದ್ರ ಮಾಡಾಕ ಬರಂಗಿಲ್ಲ.
ಎರಡರಾಗ ಒಂದು ಹೇಳು.'

ನಾವು ನಕ್ಕೆವು. ಕಲ್ಲಿನವರಿಗೆ ಕಲ್ಲಿನದೇ ಪ್ರಶ್ನೆ.
ಇಪ್ಪತ್ತು ವರ್ಷ ಕ್ರೇನಿನ ಸೀಟಿನಲ್ಲಿ ಕೂತವನು,
ಐದು ಹೊತ್ತಿನ ನಮಾಜಿನಲ್ಲಿ ಎರಡನ್ನು ಅದರ ನೆರಳಿನಲ್ಲೇ ಮುಗಿಸುವವನು,
ಶ್ಯಾಮೀದಸಾಬ, ಬಾಯಲ್ಲಿದ್ದುದನ್ನು ನುಂಗಿ
ನಿಧಾನಕ್ಕೆ ಅಂದ:

'ಕ್ಯಾಬಿನ್ನಿನಾಗ ಒಂದು ತಗಡು ಹೊಡದಾರ, ಓದೀಯೇನು?
ಬೂಮು ಹತ್ರ ಇದ್ರ ನಲವತ್ತು ಟನ್ನು.
ಚಾಚಿದಂಗ ಚಾಚಿದಂಗ ಮೂವತ್ತು, ಹದಿನೆಂಟು, ಒಂಬತ್ತು.
ಕಡೀ ಸಾಲಿನಾಗ ನಾಕೇ ನಾಕು.
ಅದೇ ಕ್ರೇನು, ಅದೇ ಇಂಜಿನ್ನು.
ಆತ ನಮ್ಮತನಕ ಕೈ ಚಾಚ್ಯಾನಲ್ಲೋ ತಮ್ಮಾ,
ಎಲ್ಲಿಂದ ಎಲ್ಲಿಗೆ!
ಏನು ಬಲ ಉಳಿದೀತು ಆ ಕೈಯಾಗ?'

'ಅಂದ್ರ ಸೋತ ದೇವರು.'
'ಸೋತಾನಂತ ಯಾರಂದ್ರು? ಚಾಚ್ಯಾನ ಅಂದೆ.'

ಚಹಾದ ಕೆಟಲ್ ಹಿಡಿದು ನಿಂತಿದ್ದಳು ಹುಲಿಗೆವ್ವ.
'ನಮ್ಮನಿಯಾವನ ಮ್ಯಾಲ ಬಿದ್ದ ಕಲ್ಲು,' ಅಂದಳು,
'ಅದನ್ನ ಆತನ ಬಿಟ್ಟನೇನು?
ಬಿಟ್ಟಿದ್ರ, ನಾ ಯಾಕ ದಿನಾ ಊದಿನಕಡ್ಡಿ ಹಚ್ಚಲಿ?
ಆತ ಬಿಡದನಾ ಬಿದ್ದಿದ್ರ, ಹಚ್ಚಿ ಏನು ಬಂತು?'
ಒಂದು ಲೋಟ ತುಂಬಿಸಿದಳು.
'ಹಚ್ಚೂದು ಮಾತ್ರ ಬಿಟ್ಟಿಲ್ಲ.'

ಯಾರೂ ನಗಲಿಲ್ಲ. ಶ್ಯಾಮೀದಸಾಬ ತನ್ನ ಅಂಗೈ ನೋಡಿಕೊಂಡ.
ಆರು ವರ್ಷದ ಹಿಂದೆ ಲಿವರ್ ಹಿಡಿದಿದ್ದ ಅಂಗೈ.
ರೋಪು ಹರಿದಿತ್ತು. ಕೆಳಗೆ ಯಮನೂರಪ್ಪನಿದ್ದ.
ಕಾಗದದಲ್ಲಿ ದೈವಾಧೀನ ಎಂದು ಬರೆದುಕೊಂಡು ಹೋದರು.
'ಬರದಂಗ ಆಗತೈತವ್ವ,' ಅಂದ ಮುದುಕ ಮೇಸ್ತ್ರಿ,
'ಹಣ್ಯಾಗ ಬರದದ್ದು ಯಾರಿಗೆ ತಪ್ಪೈತಿ?'

ಬರೆಯುವುದು ಇಲ್ಲಿ ನನ್ನ ಕೆಲಸ.
ಟೇಪು ಹಿಡಿದು ಉದ್ದ ಅಗಲ ಎತ್ತರ ಅಳೆದು
ಕಲ್ಲಿನ ಹಣೆಗೆ ಬಿಳಿ ಬಣ್ಣದಲ್ಲಿ ನಂಬರು, ಟನ್ನು.
ಆ ದಿನ ಲೆಕ್ಕಕ್ಕೆ ಮೂವತ್ತಾರು ಬಂದಿತ್ತು.
ರಾಯಲ್ಟಿ ಉಳಿಯಲಿ, ಇಪ್ಪತ್ತೆಂಟು ಬರಿ ಅಂದರು.
ಅಂದದ್ದು ನಿಜ. ಕೈ ಹಿಡಿದು ಯಾರೂ ಬರೆಸಲಿಲ್ಲ.
ಬ್ರಷ್ಷು ಅದ್ದಿ, ಸೋರದಂತೆ ಡಬ್ಬಿಯ ಅಂಚಿಗೆ ಒರೆಸಿ,
ಎರಡು ಬರೆದು
ಒಂದು ಗಳಿಗೆ ನಿಂತಿದ್ದೆ.
ಬಿಸಿಲಿತ್ತು. ಕಲ್ಲಿನ ನೆತ್ತಿಯಲ್ಲಿ ಓತಿಕ್ಯಾತವೊಂದು
ಹೂಂ ಹೂಂ ಎಂಬಂತೆ ತಲೆ ಕುಣಿಸುತ್ತಿತ್ತು.
ಆ ಗಳಿಗೆಯೊಳಗೆ ಎಷ್ಟೋ ರಾತ್ರಿ ಹೊಕ್ಕು ಬಂದಿದ್ದೇನೆ,
ಇನ್ನೊಂದು ಕೈ ಸಿಕ್ಕೀತೇ,
ತಡೆದದ್ದೋ ತಳ್ಳಿದ್ದೋ, ಯಾವುದಾದರೂ ಸರಿ.
ನನ್ನದೊಂದೇ ಸಿಗುತ್ತದೆ.
ಎಂಟು ದುಂಡಗೆ, ಚೆಂದ ಬಂದಿತ್ತು.

'ಮಾರ್ಕರಣ್ಣ, ಓದಿದಾವ ನೀನು, ನೀ ಹೇಳಪಾ,' ಅಂದಳು ಹುಲಿಗೆವ್ವ
ಲೋಟ ಕೈಗಿಡುತ್ತ.
ಸಕ್ಕರಿ ಜಾಸ್ತಿ ಆತು, ಅಂದೆ.

ಸೀಟಿ ಊದಿತು. ದುರುಗೇಶ ಹೆಲ್ಮೆಟ್ಟು ಹುಡುಕುತ್ತ ಎದ್ದ,
ಗೆದ್ದೆನೋ ಇಲ್ಲವೋ ತಿಳಿಯದವನ ಮುಖ.
ಮಧ್ಯಾಹ್ನದ ಮೊದಲ ಕಲ್ಲು. ಎರಡು ಸಲ ಅಳೆದೆ.
ಶ್ಯಾಮೀದಸಾಬ ಬೂಮನ್ನು ಹತ್ತಿರ, ಇನ್ನೂ ಹತ್ತಿರ ಎಳೆದುಕೊಂಡು
ಮೇಲಿಂದ ಕೂಗಿದ.
ಮೊದಲೆಲ್ಲ 'ಎಷ್ಟೈತಿ?' ಅನ್ನುತ್ತಿದ್ದ.
ಆರು ವರ್ಷದಿಂದ
'ಎಷ್ಟು ಬರದಿ?' ಅನ್ನುತ್ತಾನೆ.